ಪಯಣದ ಹೊರೆ

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಸುಂದರವಾದ ಮೆಟ್ಟಿಲುಗೊಳವೊಂದಿದೆ. ಕಾಲ್ನಡಿಗೆಯ ಕಾಲದಲ್ಲಿ ಇಂತಹ ಕೊಳಗಳ ಬಳಿ ದಣಿವಾರಿಸಿಕೊಳ್ಳುತ್ತಿದ್ದ ಪಥಿಕನ ಬಳಿ ಹೆಗಲು ಹೊರುವಷ್ಟೇ ಗಂಟಿರುತ್ತಿತ್ತು.

ಇಂದು ದೀರ್ಘ ಪ್ರವಾಸಕ್ಕೆ ಹೊರಡುವವರಲ್ಲಿ ಕೆಲವರು ಮೊದಲು ಮನೆಯ ಸಾಮಾನುಗಳನ್ನು ಮಾರತೊಡಗುತ್ತಾರೆ. ಮಂಚ, ಬೀರುಗಳು ಹೋದರೆ ಹೋಗಲಿ. ಹಿಂದಿರುಗಿದ ಮೇಲೆ ಅನ್ನವಿಕ್ಕಬೇಕಾದ ಎತ್ತು ನೇಗಿಲುಗಳನ್ನೂ ಮಾರುವುದು ವಿವೇಕವಲ್ಲ. ಮಾರಾಟವೇನೋ ನಾಲ್ಕು ದಿನದ ಕೆಲಸ. ನಡೆಯುವ ಶಕ್ತಿಯಾದರೋ ಯಾವ ಸಂತೆಯಲ್ಲಿಯೂ ದೊರೆಯದು. ತಾನು ತೊರೆಯದ, ತಾನು ಹೊರಲಾರದ ಹೊರೆ ಮತ್ತೊಬ್ಬನ ತಲೆಗೇರುತ್ತದೆ.

1930ರ ಮಾರ್ಚ್ 12ರಂದು ಗಾಂಧೀಜಿಯವರು 78 ಮಂದಿ ಸಂಗಡಿಗರೊಡನೆ ಸಾಬರಮತಿಯಿಂದ ದಂಡಿಗೆ ಹೊರಟರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಅವರಲ್ಲೊಬ್ಬರು. ಆಗ ಅವರಿಗೆ 18 ವರ್ಷ. ಒಬ್ಬೊಬ್ಬರ ಬಳಿಯೂ ಹಾಸಿಗೆ, ಬದಲಿ ಬಟ್ಟೆ, ನೂಲುವ ತಕಲಿ ಮುಂತಾದ ಅಲ್ಪಸ್ವಲ್ಪ ವಸ್ತುಗಳಷ್ಟೇ ಇದ್ದವು. ದಾರಿ ಸುಮಾರು 240 ಮೈಲಿ. ತರುಣರಲ್ಲಿಯೇ ಕೆಲವರು ಬಸವಳಿದರು. ಅರವತ್ತು ತುಂಬಿದ್ದ ಗಾಂಧೀಜಿಯವರು ತಮಗಾಗಿ ತಂದಿದ್ದ ಕುದುರೆಯನ್ನೇರದೆ ನಡೆದರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ನಿತ್ಯವೂ ಹಲವು ಮೈಲಿ ನಡೆಯುತ್ತಿದ್ದರಲ್ಲವೇ!

ಇಷ್ಟು ಹಗುರವಾಗಿ ಹೊರಟ ತಂಡಕ್ಕೂ ದಾರಿಯಲ್ಲಿ ಹೊರೆ ಬಂದು ಸೇರಿತು. ಒಂದು ರಾತ್ರಿ ತಂಡಕ್ಕೆ ಬೆಳಕು ತೋರಲೆಂದು ಬಡ ಕೂಲಿಯೊಬ್ಬನು ಭಾರವಾದ ದೀಪವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದನು. ಬೇಗ ನಡೆಯೆಂದು ಅವನನ್ನು ಅವಸರಪಡಿಸುತ್ತಿದ್ದರು. ಗಾಂಧೀಜಿಯವರಿಗೆ ಅದನ್ನು ನೋಡಲಾಗಲಿಲ್ಲ. ಅವರು ಎಲ್ಲರನ್ನೂ ಹಿಂದಿಕ್ಕಿ ಬಿರಬಿರನೆ ಮುಂದೆ ನಡೆದುಬಿಟ್ಟರು.