ಗಡಿನಾಡಿನ ತರಗತಿಗಳು ಪರಸ್ಪರ ಮಾತಾಡಲಿ

ಸರ್ಕಾರಿ ಸೇವೆಯಲ್ಲಿದ್ದಾಗ ಖಾನಾಪುರ ತಾಲ್ಲೂಕಿನ ಹಳ್ಳಿಗಳಿಂದ ಅರ್ಜಿ ಹಿಡಿದು ಬರುತ್ತಿದ್ದ ಯುವಕರನ್ನು ಕಂಡಿದ್ದೇನೆ. ಹುಟ್ಟಿದ್ದು ಕರ್ನಾಟಕದಲ್ಲಿ, ಓದಿದ್ದು ಕರ್ನಾಟಕ ಸರ್ಕಾರದ ಮರಾಠಿ ಮಾಧ್ಯಮ ಶಾಲೆಯಲ್ಲಿ. ಕನ್ನಡ ವಿಷಯದಲ್ಲಿ ತೇರ್ಗಡೆಯಾದ ಅಂಕಪಟ್ಟಿ ಅರ್ಜಿಯ ಜತೆಗೇ ಲಗತ್ತಾಗಿರುತ್ತಿತ್ತು. ಆದರೆ ಅರ್ಜಿಯನ್ನು ಬರೆದುಕೊಟ್ಟವನು ಕಚೇರಿಯ ಹೊರಗೆ ಕೂತ ಇನ್ನೊಬ್ಬ. ಏನಾಗಬೇಕಿತ್ತು ಎಂದು ಕೇಳಿದರೆ ಹುಡುಗ ತಲೆ ತಗ್ಗಿಸುತ್ತಿದ್ದ. ಇದನ್ನು ಭಾಷಾದ್ವೇಷವೆಂದು ಬಗೆಯುವವರಿದ್ದಾರೆ. ನನಗೆ ಕಂಡದ್ದು ಬೇರೆ. ಶಾಲೆಯ ಅಷ್ಟೂ ವರ್ಷಗಳಲ್ಲಿ ಕನ್ನಡದಲ್ಲಿ ಮಾತನಾಡಲು ಅವನಿಗೆ ಮೇಷ್ಟ್ರೊಬ್ಬರನ್ನು ಬಿಟ್ಟರೆ ಮತ್ತೊಬ್ಬರು ಸಿಕ್ಕಿರಲಿಲ್ಲ.

ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂದಿತು. ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಡ್ಡಾಯವಾಯಿತು. ಕಾಯಿದೆ ಪಠ್ಯಪುಸ್ತಕವನ್ನು ಕೊಡಬಲ್ಲದು, ಪರೀಕ್ಷೆಯನ್ನು ಕೊಡಬಲ್ಲದು; ಮಾತಾಡಲು ಗೆಳೆಯನನ್ನು ಕೊಡಲಾರದು. ಆ ಗೆಳೆಯ ಸುಮಾರು 25 ಕಿಲೋಮೀಟರ್ ದೂರದ ಬೆಳಗಾವಿ ನಗರದ ಕನ್ನಡ ಶಾಲೆಯಲ್ಲಿ ಕೂತಿದ್ದಾನೆ. ಅವನ ಕಿವಿಗೆ ಖಡೇಬಜಾರಿನಲ್ಲಿ ದಿನವೂ ಮರಾಠಿ ಬೀಳುತ್ತದೆ, ಬಾಯಿಗೆ ಬರುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಬಲ್ಲದ್ದು ನವೆಂಬರ್ 1ರ ಮೆರವಣಿಗೆ ಮತ್ತು ಕಪ್ಪು ಬಾವುಟಗಳ ಸುದ್ದಿಯಿಂದ. ಈ ಎರಡು ತರಗತಿಗಳನ್ನು ವಾರಕ್ಕೆ ಅರ್ಧ ಗಂಟೆ ವಿಡಿಯೊ ಕರೆಯಲ್ಲಿ ಎದುರುಬದುರು ಕೂರಿಸಬೇಕೆಂಬುದು ನನ್ನ ಸಲಹೆ. ಹದಿನೈದು ನಿಮಿಷ ಕನ್ನಡ, ಹದಿನೈದು ನಿಮಿಷ ಮರಾಠಿ.

ತಂತ್ರಜ್ಞಾನದ ಹೆಸರೆತ್ತಿದೊಡನೆ ನಮ್ಮ ಇಲಾಖೆಗಳಿಗೆ ನೆನಪಾಗುವುದು ಟೆಂಡರ್. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಉಪಗ್ರಹ ಹಾರಿದಾಗ ಅದರ ಮೊದಲ ಪ್ರಯೋಗಕ್ಕೆ ಆಯ್ಕೆಯಾದ ವಿಶ್ವವಿದ್ಯಾಲಯಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠಗಳು ತಲುಪಿದವು. ಉಪಗ್ರಹದ ಸೇವೆ 2010ರಲ್ಲಿ ಮುಗಿಯಿತು. ಆ ಪ್ರಯತ್ನ ಸಣ್ಣದೇನಲ್ಲ. ಆದರೆ ಅಲ್ಲಿ ಒಬ್ಬರು ಹೇಳುವವರು, ನೂರಾರು ಮಂದಿ ಕೇಳುವವರು. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳೂ ಬಹುಪಾಲು ಹಾಗೆಯೇ ಇದ್ದವು. ಮೊಬೈಲ್ ಇಲ್ಲದ ಮಕ್ಕಳಿಗಾಗಿ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭಿಸಿ, ಶಿಕ್ಷಕರು ಮರದಡಿ, ಗುಡಿಯ ಕಟ್ಟೆಯ ಮೇಲೆ ಪಾಠ ಹೇಳಬೇಕಾಯಿತು. ನಾನು ಹೇಳುತ್ತಿರುವುದಕ್ಕೆ ಉಪಗ್ರಹ ಬೇಡ, ಮಕ್ಕಳ ಕೈಗೆ ಮೊಬೈಲೂ ಬೇಡ. ಶಿಕ್ಷಕರ ಬಳಿ ಇರುವ ಒಂದು ಫೋನು, ಇದ್ದರೆ ಶಾಲೆಯ ಟಿ.ವಿ. ಸಾಕು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇದರ ಸೀಮಾಂತ ವೆಚ್ಚ ಸೊನ್ನೆಗೆ ಸಮೀಪ. ಬಹುಶಃ ಅದೇ ಇದರ ದೌರ್ಬಲ್ಯ. ಖರೀದಿಯಿಲ್ಲದ ಯೋಜನೆಯ ಕಡತವನ್ನು ಮುಂದಕ್ಕೆ ತಳ್ಳುವವರು ಕಡಿಮೆ.

ಮಕ್ಕಳು ಮಾತಾಡುವುದಾದರೂ ಏನನ್ನು? ಹೊರದೇಶಗಳ ಶಾಲೆಗಳಲ್ಲಿ ‘ಮಿಸ್ಟರಿ ಸ್ಕೈಪ್’ ಎಂಬ ಆಟ ಜನಪ್ರಿಯವಾಗಿತ್ತು. ಹೌದು ಅಥವಾ ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನಷ್ಟೇ ಕೇಳಿ, ಎದುರಿನ ತರಗತಿ ಯಾವ ಊರಿನದೆಂದು ಪತ್ತೆ ಹಚ್ಚಬೇಕು. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಆಟವನ್ನು ಯಾವ ವಿಡಿಯೊ ಕರೆಯಲ್ಲಾದರೂ ಆಡಬಹುದು. ನಿಮ್ಮೂರಲ್ಲಿ ನದಿ ಹುಟ್ಟುತ್ತದೆಯೇ ಎಂದು ನಗರದ ಹುಡುಗಿ ಕೇಳಿದರೆ ಕಣಕುಂಬಿಯ ಹುಡುಗ ಹೌದೆನ್ನುತ್ತಾನೆ. ಅವನ ಊರಿನ ಮಲಪ್ರಭೆಯೇ ಸವದತ್ತಿಯ ನವಿಲುತೀರ್ಥ ಜಲಾಶಯಕ್ಕೆ ಹರಿಯುತ್ತದೆಂಬುದು ಆಗ ಇಬ್ಬರಿಗೂ ತಿಳಿಯುತ್ತದೆ. ನಂದಗಡದ ಮಗು ರಾಯಣ್ಣನ ಸಮಾಧಿಯನ್ನು ಹೇಗಿದೆಯೆಂದು ವರ್ಣಿಸಬಹುದು, ಹಲಸಿಯ ಮಗು ಕದಂಬರ ಕಾಲದ ತನ್ನೂರಿನ ಕತೆಯನ್ನು. ತಪ್ಪು ಕನ್ನಡದಲ್ಲೇ ಹೇಳಲಿ. ಎದುರಿನವರದೂ ತಪ್ಪು ಮರಾಠಿಯೇ ಆದ್ದರಿಂದ ನಗಲು ಯಾರಿಗೂ ಅಧಿಕಾರವಿರುವುದಿಲ್ಲ.

ಬಸ್ಸಿನಲ್ಲೇ ಕರೆದೊಯ್ಯಬಾರದೇ ಎಂದು ಸ್ನೇಹಿತರೊಬ್ಬರು ಕೇಳಿದರು. ವರ್ಷಕ್ಕೊಮ್ಮೆ ಅಗತ್ಯವಾಗಿ ಕರೆದೊಯ್ಯಬೇಕು. ಆದರೆ ಭಾಷೆ ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲ. ನೆಟ್‌ವರ್ಕಿನ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳಿಗೆ ಈ ಮಾತು ಹೇಳುವುದು ಅಣಕವಾದೀತು. ಅಲ್ಲಿನ ಮಕ್ಕಳು ಕಾಗದದಲ್ಲಿ ಪತ್ರ ಬರೆಯಲಿ. ತಿಂಗಳ ಸಭೆಗೆ ಬರುವ ಶಿಕ್ಷಕರು ಅದನ್ನು ತಂದುಕೊಡಲಿ. ಉಳಿದಂತೆ ಖಾನಾಪುರ ಪಟ್ಟಣ, ನಂದಗಡಗಳಿಂದ ಆರಂಭಿಸಬಹುದು. ಶಿಕ್ಷಕರಿಗೆ ಇದು ಮತ್ತೊಂದು ಹೊರೆಯಾಗದಂತೆ ಮತ್ತೊಂದು ವರದಿಯನ್ನು ಕೈಬಿಡಬೇಕು. ಮಕ್ಕಳ ಮುಖಗಳು ಊರೆಲ್ಲ ಹರಿದಾಡದಂತೆ ಧ್ವನಿಮುದ್ರಣ, ಚಿತ್ರೀಕರಣಗಳನ್ನು ನಿಷೇಧಿಸಬೇಕು.

ಖಾನಾಪುರ ಮತ್ತು ಬೆಳಗಾವಿ ನಗರ ಎರಡೂ ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಎರಡೂ ಕಡೆಯ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೂರಿಸಿಕೊಂಡು ಹತ್ತು ಜೋಡಿ ಶಾಲೆಗಳನ್ನು ಗೊತ್ತುಮಾಡಲು ಉಪನಿರ್ದೇಶಕರಿಗೆ ಬೆಂಗಳೂರಿನ ಆದೇಶ ಬೇಕಾಗಲಾರದು. ಶನಿವಾರದ ಬೆಳಗಿನ ಶಾಲೆಯಲ್ಲಿ ಅರ್ಧ ಗಂಟೆ ಸಿಗುತ್ತದೆ. ದಸರಾ ರಜೆ ಮುಗಿದ ಮೇಲೆ ಶುರುಮಾಡುವುದು ಮೇಲು. ಅಷ್ಟರಲ್ಲಿ ಖಾನಾಪುರದ ಮಳೆಯೂ ಇಳಿದು, ಕರೆಂಟು ಒಂದಿಷ್ಟು ನಿಲ್ಲುತ್ತದೆ.