ಒಂಬತ್ತು ಹೊಡೀತು!

ಸೂಟಿ ಮುಗೀತು. ನಮ್ಮ ಸಂಪಗಾಂವದಾಗ ಸಾಲಿ ಗಂಟಿ ಬಾರಿಸಿತು. ಹೊಸ ಪಾಟಿಚೀಲ ತಂದು ಮಗನಿಗೆ ಉಪದೇಶ ಬಿಗಿದೆ: "ರಾತ್ರಿ ಒಂಬತ್ತಕ್ಕ ಮಲಗು, ನಸುಕಿನ್ಯಾಗ ಐದಕ್ಕ ಏಳು!" ಅವ ತಣ್ಣಗ ಕೇಳಿದ: "ಅಪ್ಪಾ, ನೀ ಹನ್ನೆರಡರ ತನಕ ಮೊಬೈಲಿನ್ಯಾಗ ಸಿನಿಮಾ ನೋಡ್ತೀಯಲ್ಲ?" ಒಂದೇ ಡೈಲಾಗಿಗೆ ಹೀರೋ ಫ್ಲಾಟ್!

ಡಾ. ರಾಜ್ ನೆನಪಾದರು. ಶಾಲೆ ಕಲಿತದ್ದು ಸ್ವಲ್ಪ ಮಾತ್ರ. ಆದರೆ ಐವತ್ತು ದಾಟಿದ ಮೇಲೆ 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಯೋಗಾಸನ ಮಾಡಿ ತೋರಿಸಿದರು. ಅದು ಟ್ರಿಕ್ ಶಾಟ್ ಅಲ್ಲ ಸ್ವಾಮೀ, ಅಭ್ಯಾಸ!

ಈಗ ರಾತ್ರಿಯಾದರ ಮೊಬೈಲು ಅಡಿಗೆಮನಿ ನಾಗೊಂದಿಗಿ ಮ್ಯಾಲ. ಮೊದಲ ವಾರ ಎರಡು ಸಲ ಕದ್ದು ಇಳಿಸಿದೆ, ಎರಡೂ ಸಲ ಸಿಕ್ಕಿಬಿದ್ದೆ. ಮಗ ಏನೂ ಅನ್ನಲಿಲ್ಲ, ಹಾಸಿಗೆಯಲ್ಲಿ ಎದ್ದು ಕೂತು ನೋಡಿದ. ಅಷ್ಟ ಸಾಕಾತು.

ಬರ್ಲಾ? ಒಂಬತ್ತು ಹೊಡೀತು.