ಒಲೆಗೊಂದು ತಂತಿ, ಓವನ್‌ಗೊಂದು ತಂತಿ

ಮಕ್ಕಳೇ, ಕಳೆದ ತಿಂಗಳು ವೈಟ್‌ಫೀಲ್ಡ್‌ನ ನಮ್ಮ ಮನೆಗೆ ಎರಡು ಹೊಸ ಸಾಮಾನು ಬಂದವು. ಸೊಸೆ ಆಸೆಪಟ್ಟು ತಂದ ಎರಡು ಉರಿಯ ಇಂಡಕ್ಷನ್ ಒಲೆ, ಮೊಮ್ಮಗಳು ಹಟ ಹಿಡಿದು ಕೊಡಿಸಿಕೊಂಡ ಓವನ್. ಕೂರಿಸಲು ಬಂದ ಹುಡುಗ ಅಡುಗೆಮನೆಯ ಗೋಡೆ ನೋಡಿ, "ಹಳೇ ಲೈನೇ ಸಾಕು ಸಾರ್. ಎಂಸಿಬಿ ಬಿದ್ದರೆ 32 ಆಂಪಿಯರಿನದು ಹಾಕೋಣ. ಆಮೇಲೆ ಬೀಳೋದೇ ಇಲ್ಲ" ಅಂದ.

ಬೀಳೋದೇ ಇಲ್ಲ ಅಂದದ್ದಕ್ಕೇ ನನಗೆ ಭಯವಾಯಿತು. ಪೀಣ್ಯದ ಕಾರ್ಖಾನೆಯಲ್ಲಿ ದುಡಿದ ಕಾಲದಲ್ಲಿ ಫ್ಯೂಸ್ ಪದೇಪದೇ ಹೋಗುತ್ತದೆಂದು ದಪ್ಪ ತಾಮ್ರದ ಎಳೆ ಸುತ್ತುವವರನ್ನು ಕಂಡಿದ್ದೇನೆ. ಫ್ಯೂಸ್ ಉಳಿಯುತ್ತಿತ್ತು, ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ ವಾಸನೆ ಬರುತ್ತಿತ್ತು.

"ಪುಟ್ಟೀ, ಪೆನ್ಸಿಲ್ ತಗೊಂಡು ಬಾ" ಅಂದೆ. ಏಳನೇ ತರಗತಿಯವಳು. ಒಲೆಯ ಕೆಳಗಿನ ಚೀಟಿಯಲ್ಲಿ 3500 ವ್ಯಾಟ್, ಓವನ್‌ನದರಲ್ಲಿ 2800. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. ಒಲೆಗೆ 15, ಓವನ್‌ಗೆ 12, ಎರಡೂ ಸೇರಿ 27.

ಹಳೆಯ ಲೈನಿನದು 2.5 ಚದರ ಮಿಲಿಮೀಟರಿನ ತಂತಿ. ಗೋಡೆಯೊಳಗಿನ ಪೈಪಿನಲ್ಲಿ ಅದು ಸುಮಾರು 20 ಆಂಪಿಯರ್ ಹೊರಬಲ್ಲದು.

"ಏಳು ತಾನೆ ಜಾಸ್ತಿ ತಾತ?"

ಅಲ್ಲೇ ಇರೋದು ಗುಟ್ಟು. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತರ ಜಾಗದಲ್ಲಿ 27 ಹರಿದರೆ ಬಿಸಿ ಹೆಚ್ಚುಕಡಿಮೆ ಇಮ್ಮಡಿ. ಆ 32ರ ಎಂಸಿಬಿಗೆ 27 ಲೆಕ್ಕಕ್ಕೇ ಇಲ್ಲ, ಅದು ಸುಮ್ಮನೆ ಕೂತಿರುತ್ತದೆ, ಗೋಡೆಯೊಳಗೆ ತಂತಿ ಬೇಯುತ್ತಿರುತ್ತದೆ. ಎಂಸಿಬಿ ಇರುವುದು ಒಲೆಯನ್ನು ಕಾಯಲಿಕ್ಕಲ್ಲ ಮಕ್ಕಳೇ, ತಂತಿಯನ್ನು ಕಾಯಲಿಕ್ಕೆ.

ಲೈಸೆನ್ಸ್ ಇರುವ ಬೇರೊಬ್ಬರನ್ನು ಕರೆಸಿದೆವು. ಅವರು ಎರಡು ದಾರಿ ಹೇಳಿದರು. ಒಂದೇ ದಪ್ಪ ತಂತಿ ಎಳೆದು ಎರಡಕ್ಕೂ ಕವಲು ಕೊಡುವುದು, ಇಲ್ಲವೇ ಡಿಬಿಯಿಂದ ಬೇರೆಬೇರೆ ಎಳೆಯುವುದು. ಮೊದಲನೆಯದು ಅಗ್ಗ. ಆದರೆ ಒಂದಕ್ಕೆ ತೊಂದರೆ ಬಂದರೆ ಎರಡೂ ಆರುತ್ತವೆ, ಓವನ್‌ನ ಸಣ್ಣ ವೈರಿಗೆ ಆ ದೊಡ್ಡ ಎಂಸಿಬಿಯಿಂದ ಸರಿಯಾದ ಕಾವಲೂ ಸಿಗದು. ಎರಡನೆಯದನ್ನೇ ಆರಿಸಿದೆವು. ಒಲೆಗೆ 4 ಚದರ ಮಿಲಿಮೀಟರ್ ತಂತಿ, 20ರ ಎಂಸಿಬಿ, ಪ್ಲಗ್ಗಿನ ಬದಲು ಡಬಲ್ ಪೋಲ್ ಸ್ವಿಚ್. ಓವನ್‌ಗೆ 2.5ರ ತಂತಿ, 16ರ ಎಂಸಿಬಿ. ಎರಡಕ್ಕೂ ಹಸಿರು ಅರ್ತ್ ತಂತಿ, ಮೇಲೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಕರೆಂಟು ಸೋರಿ ಯಾರಿಗಾದರೂ ಶಾಕ್ ಹೊಡೆಯುವಂತಾದರೆ ಥಟ್ಟನೆ ಲೈನ್ ಕಡಿಯುವುದು ಅದೇ. ಗೋಡೆ ಕೊರೆದ ಧೂಳು ಮಾತ್ರ ಎರಡು ದಿನ ಅನ್ನದಲ್ಲೂ ಸಿಕ್ಕಿತು.

ಇನ್ನೊಂದು ಕೊಕ್ಕೆ ಉಳಿದಿತ್ತು. ಬೆಸ್ಕಾಂ ಬಿಲ್ಲಿನಲ್ಲಿ ನಮಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್. ಇವೆರಡೇ 6.3. ಹೆಚ್ಚಿಸಲು ಅರ್ಜಿ ಹಾಕಿದ್ದೇವೆ, ಪ್ರತಿ ತಿಂಗಳ ನಿಗದಿ ಶುಲ್ಕವೂ ಏರುತ್ತದೆ. ಅಜ್ಜಿಗೆ ಅದು ಒಪ್ಪಿಗೆಯಿಲ್ಲ. "ಕೇಕ್ ಬೇಯುವಾಗ ಸಾರು ಯಾಕೆ ಕುದೀಬೇಕು? ಮೊದಲು ಅದು, ಆಮೇಲೆ ಇದು" ಅಂತಾಳೆ. ಲೋಡ್ ಹೆಚ್ಚಾಗಿ ಬರುವ ತನಕ ಮನೆಯಲ್ಲಿ ಅವಳ ಕಾನೂನೇ. ಓವನ್ ಉರಿಯುವಾಗ ಗೀಸರ್ ಕೂಡ ಬಂದ್.

ನೀವೂ ಮನೆಯ ಸಾಮಾನುಗಳ ಚೀಟಿ ಓದಿ ಭಾಗಾಕಾರ ಮಾಡಿ ನೋಡಿ. ತಂತಿಗೆ, ಡಿಬಿಗೆ ಮಾತ್ರ ಕೈ ಹಾಕಬೇಡಿ. ನಮ್ಮ ಡಿಬಿಯ ಮೇಲೆ ಪುಟ್ಟಿ ಚೀಟಿ ಬರೆದು ಅಂಟಿಸಿದ್ದಾಳೆ: 'ಒಲೆ', 'ಓವನ್'. ಈಗ ಅವಳು ಅಯಸ್ಕಾಂತ ಹಿಡಿದು ಅಜ್ಜಿಯ ಪಾತ್ರೆಗಳನ್ನೆಲ್ಲ ಪರೀಕ್ಷಿಸುತ್ತಿದ್ದಾಳೆ. ಕಬ್ಬಿಣದ ಕಾವಲಿಗೆ ಅಂಟಿತು, ಹಿತ್ತಾಳೆ ಪಾತ್ರೆಗೆ ಅಂಟಲಿಲ್ಲ. ಹಿತ್ತಾಳೆಯದು ಗ್ಯಾಸಿನ ಮೇಲೇ ಉಳಿಯಿತು ಎಂದು ಅಜ್ಜಿಗೆ ಒಳಗೊಳಗೇ ಖುಷಿ.